ಶ್ರೀಲಂಕಾ: ಮೊದಲು ಹಾಳೂರು, ಆಮೇಲೆ ಕಡಲು. ಮನೆಮಂದಿಯ ಒಂಬತ್ತು ದಿನದ ಪ್ರವಾಸ ಹೀಗೆ ಹಾಕಿಕೊಳ್ಳಿ

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸಬೇಕಿಲ್ಲ, ಅಲ್ಲಿಯದೂ ನಮ್ಮದೇ ಸಮಯ. ರಸ್ತೆಯಲ್ಲಿ ಎಡಕ್ಕೇ ಓಡಾಟ, ತಟ್ಟೆಯಲ್ಲಿ ಅನ್ನವೇ ಊಟ. ಅಜ್ಜಿಯನ್ನೂ ಆರು ವರ್ಷದ ಮಗುವನ್ನೂ ಕಟ್ಟಿಕೊಂಡು ಮೊದಲ ಸಲ ದೇಶ ದಾಟುವವರಿಗೆ ಇಷ್ಟು ಸಲೀಸಾದ ಜಾಗ ಇನ್ನೊಂದು ಸಿಗುವುದು ಕಷ್ಟ. ಆದರೂ ಪ್ರವಾಸ ಕೆಡುತ್ತದೆ, ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮಳೆಗಾಲ ಯಾವ ಕರಾವಳಿಗೆ ಯಾವಾಗ ಎಂದು ನೋಡದೆ ಬೀಚ್ ಆರಿಸುವುದು. ಇನ್ನೊಂದು, ಐದು ದಿನದಲ್ಲಿ ಕ್ಯಾಂಡಿ, ನುವಾರ ಎಲಿಯ, ಗಾಲೆ, ಎಲ್ಲ ಎಂಬ ಹೆಸರಿನ ಊರು, ಹೀಗೆ ಎಲ್ಲವನ್ನೂ ತುರುಕುವುದು. ಆ ಬೆಟ್ಟದ ದಾರಿಗಳಲ್ಲಿ ನೂರು ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯುವುದೂ ಉಂಟು. ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ವ್ಯಾನಿನ ಕಿಟಕಿ ಮಾತ್ರ.

ಇಲ್ಲಿ ಹೇಳಿರುವ ದಾರಿಯಲ್ಲಿ ಬೆಟ್ಟಸೀಮೆ ಇಲ್ಲ. ಅನುರಾಧಪುರ, ಸಿಗಿರಿಯ, ಪೊಲೊನ್ನರುವ ಎಂಬ ಮೂರು ಹಳೆಯ ರಾಜಧಾನಿಗಳು, ಆಮೇಲೆ ತ್ರಿಕೋಣಮಲೆಯ ಪಕ್ಕದ ನಿಲಾವೆಳಿ ಕಡಲತೀರ. ಈ ಕ್ರಮವನ್ನು ತಿರುಗಿಸಬೇಡಿ. ನೀರಿಗಿಳಿದು ರುಚಿ ಹತ್ತಿದ ಮಕ್ಕಳು ಮರುದಿನ ಇಟ್ಟಿಗೆ ಗೋಡೆ ನೋಡಲು ಬರುವುದಿಲ್ಲ. ದೊಡ್ಡವರೂ ಅಷ್ಟೇ.

ಯಾವಾಗ ಹೋಗಬೇಕು

ದ್ವೀಪಕ್ಕೆ ಎರಡು ಮುಂಗಾರು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಕೊಲಂಬೊ, ಗಾಲೆ ಕಡೆಯ ಕಡಲನ್ನು ಕಲಕುತ್ತದೆ. ಅದೇ ಹೊತ್ತಿಗೆ ಪೂರ್ವ ತೀರ ಒಣಗಿ, ಕಡಲು ಕೆರೆಯಂತೆ ಮಲಗಿರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಈಶಾನ್ಯದ ಮಳೆ ಬಂದು ಲೆಕ್ಕ ಉಲ್ಟಾ ಆಗುತ್ತದೆ.

ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆಗೆ ಪೂರ್ವ ತೀರ ಹೇಳಿ ಮಾಡಿಸಿದ್ದು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಒಂದು ಗಂಟೆ ಸುರಿದು ಹೋಗಬಹುದು, ಅಷ್ಟೇ. ದಸರೆ ರಜೆ ಅಂಚಿನಲ್ಲಿದೆ: ಅಕ್ಟೋಬರ್ ಮೊದಲ ವಾರ ನಡೆದೀತು, ತಿಂಗಳ ಕೊನೆಗೆ ಕಡಲು ಒರಟಾಗುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರು ನಿಲಾವೆಳಿಯ ಆಸೆ ಬಿಟ್ಟು, ಹಾಳೂರು ಮುಗಿಸಿದ ಮೇಲೆ ದಕ್ಷಿಣದ ಉನವಟುನ, ಮಿರಿಸ್ಸ ಕಡೆಗೆ ಇಳಿಯಬೇಕು.

ದಿನ ಗೊತ್ತುಮಾಡುವ ಮೊದಲು ಮೂರು ಸಂಗತಿ ಪಂಚಾಂಗದಲ್ಲಿ ನೋಡಿ. ಏಪ್ರಿಲ್ 13, 14 ಸಿಂಹಳ-ತಮಿಳು ಹೊಸ ವರ್ಷ. ಅದರ ಆಚೀಚೆ ಕೆಲವು ದಿನ ಅಂಗಡಿ ಮುಚ್ಚಿರುತ್ತವೆ, ಚಾಲಕರು ಊರಿಗೆ ಹೋಗಿರುತ್ತಾರೆ. ಪ್ರತಿ ಹುಣ್ಣಿಮೆಯೂ ‘ಪೋಯ’, ಸರ್ಕಾರಿ ರಜೆ. ಅಂದು ಮದ್ಯ ಮಾರುವುದಿಲ್ಲ, ವಿಹಾರಗಳಲ್ಲಿ ಜನವೋ ಜನ. ಜೂನ್ ಹುಣ್ಣಿಮೆಯಾದ ಪೋಸೊನ್‌ಗೆ ಅನುರಾಧಪುರ ಮತ್ತು ಅದರ ಹತ್ತಿರದ ಮಿಹಿಂತಲೆ ಬೆಟ್ಟಕ್ಕೆ ಲಕ್ಷಗಟ್ಟಲೆ ಯಾತ್ರಿಕರು ಬರುತ್ತಾರೆ. ಆ ವಾರ ಚಿಕ್ಕ ಮಕ್ಕಳೊಂದಿಗೆ ಅತ್ತ ಹೋಗದಿರುವುದೇ ಲೇಸು. ಮೇ ಹುಣ್ಣಿಮೆಯ ವೆಸಾಕ್ ಮಾತ್ರ ಬೇರೆ: ಊರೂರಿನಲ್ಲಿ ಕಾಗದದ ದೀಪಗೂಡು ಕಟ್ಟುತ್ತಾರೆ, ದಾರಿಹೋಕರಿಗೆ ದಾನದ ಊಟ ಹಾಕುತ್ತಾರೆ. ಕೋಣೆ ಮೊದಲೇ ಕಾದಿರಿಸಿದ್ದರೆ ಅದನ್ನು ತಪ್ಪಿಸಿಕೊಳ್ಳಬೇಡಿ.

ಕಾಗದಪತ್ರ

ಶ್ರೀಲಂಕಾಕ್ಕೆ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು, ಕೈಕೂಸಿಗೂ ಬೇಕು. ಪ್ರಯಾಣದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಲಿ. ಎಡವುವುದು ಸಾಮಾನ್ಯವಾಗಿ ಮಕ್ಕಳದರಲ್ಲಿ. ದೊಡ್ಡವರದಕ್ಕೆ ಹತ್ತು ವರ್ಷ ಆಯಸ್ಸಾದರೆ ಮಕ್ಕಳದಕ್ಕೆ ಐದೇ ವರ್ಷ. ‘ಮೊನ್ನೆ ಮೊನ್ನೆ ಮಾಡಿಸಿದ್ದು’ ಎಂದುಕೊಂಡದ್ದು ಮುಗಿದು ಹೋಗಿರುತ್ತದೆ. ಟಿಕೆಟ್ ತೆಗೆಯುವ ಮುಂಚೆ ಎಲ್ಲರ ಪಾಸ್‌ಪೋರ್ಟಿನ ಕೊನೆಯ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ.

ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಇಟಿಎ, ಅಂದರೆ ಪ್ರವೇಶಾನುಮತಿ ಪಡೆಯಬೇಕು. ಇದರ ಶುಲ್ಕ ಮತ್ತು ನಿಯಮ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಟಿಕೆಟ್ ಮಾಡುವಾಗ ಒಮ್ಮೆ, ಹೊರಡುವ ವಾರ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ಹುಡುಕಿದರೆ ಸರ್ಕಾರಿ ತಾಣವನ್ನೇ ಹೋಲುವ ದಲ್ಲಾಳಿ ತಾಣಗಳು ಮೊದಲು ಬರುತ್ತವೆ. ವಿಳಾಸ ‘ಗವ್ ಡಾಟ್ ಎಲ್‌ಕೆ’ ಎಂದು ಮುಗಿದರೆ ಮಾತ್ರ ಸರ್ಕಾರದ್ದು.

ಕನ್ನಡಿಗರಿಗೆ ಒಂದು ವಿಶೇಷ ತೊಡಕು ಇನಿಷಿಯಲ್. ಆಧಾರ್‌ನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ಅಪ್ಪನ ಹೆಸರೋ ಬಿಡಿಸಿ ಬರೆದಿರುತ್ತದೆ, ಕೆಲವರಿಗೆ ಸರ್‌ನೇಮ್ ಕಾಲಂ ಖಾಲಿಯೇ. ವಿಮಾನದ ಟಿಕೆಟ್ ಮತ್ತು ಇಟಿಎ ಎರಡರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಸರ್‌ನೇಮ್ ಖಾಲಿ ಇದ್ದರೆ ಟಿಕೆಟ್ಟಿನಲ್ಲಿ ಏನು ತುಂಬಬೇಕೆಂದು ವಿಮಾನ ಕಂಪನಿಯನ್ನು ಕೇಳಿಯೇ ತುಂಬಿ. ಹೆಸರು ಹೊಂದದಿದ್ದರೆ ಚೆಕ್-ಇನ್ ಕೌಂಟರಿನಲ್ಲಿ ಇಡೀ ಮನೆಯವರೇ ನಿಂತುಬಿಡಬೇಕಾಗುತ್ತದೆ.

ಹಣದ ವಿಚಾರ ಚಿಕ್ಕದು. ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಹೆಚ್ಚು ರೂಪಾಯಿ ಬರುತ್ತದೆ. 2024ರ ಫೆಬ್ರುವರಿಯಿಂದ ನಮ್ಮ ಯುಪಿಐ ಅಲ್ಲಿ ಶುರುವಾಗಿದೆ, ಆದರೆ ಎಳನೀರಿನ ಗಾಡಿಯಲ್ಲೂ ನಡೆಯುತ್ತದೆಂದು ನಂಬಿಕೊಂಡು ಹೋಗಬೇಡಿ. ವಿಮಾನ ನಿಲ್ದಾಣದಲ್ಲೇ ಎರಡು ದಿನಕ್ಕಾಗುವಷ್ಟು ನಗದು ಮತ್ತು ಒಂದು ಸಿಮ್ ತೆಗೆದುಕೊಳ್ಳಿ. ಪ್ಲಗ್ ಪಾಯಿಂಟುಗಳಲ್ಲಿ ನಮ್ಮ ದುಂಡು ಪಿನ್ನಿನವೂ ಇವೆ, ಚಪ್ಪಟೆ ಮೂರು ಪಿನ್ನಿನವೂ ಇವೆ. ಒಂದು ಯೂನಿವರ್ಸಲ್ ಅಡಾಪ್ಟರ್ ಮತ್ತು ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಆರು ಫೋನಿಗೂ ಸಾಕು.

ವಾಹನ ಮತ್ತು ದಾರಿ

ಚಾಲಕನ ಸಮೇತ ವಾಹನ ಹಿಡಿಯಿರಿ. ಸ್ವಂತ ಓಡಿಸಲು ಅಂತರರಾಷ್ಟ್ರೀಯ ಪರವಾನಗಿಯ ಜೊತೆ ಅಲ್ಲಿಯ ಅನುಮತಿಯೂ ಬೇಕು, ಅದರ ತಾಪತ್ರಯ ಒಂಬತ್ತು ದಿನಕ್ಕೆ ತಕ್ಕದ್ದಲ್ಲ. ನಾಲ್ಕು ಜನಕ್ಕೆ ಕಾರು, ಆರು ಜನವಾದರೆ ಅಲ್ಲಿಯವರು ‘ಕೆಡಿಹೆಚ್’ ಎನ್ನುವ ಟೊಯೊಟಾ ವ್ಯಾನು. ಬೆಲೆ ಒಪ್ಪುವಾಗ ಐದು ವಿಷಯ ಬರಹದಲ್ಲಿ ಕೇಳಿಕೊಳ್ಳಿ: ದಿನಕ್ಕೆ ಎಷ್ಟು ಕಿಲೋಮೀಟರ್ ಸೇರಿದೆ, ಮೀರಿದರೆ ಎಷ್ಟು, ಇಂಧನ ಮತ್ತು ಹೆದ್ದಾರಿ ಸುಂಕ ಯಾರದು, ಚಾಲಕನ ಊಟ-ಕೋಣೆ ಯಾರದು, ಮಕ್ಕಳ ಸೀಟು ಇದೆಯೇ. ಹಲವು ಹೋಟೆಲುಗಳಲ್ಲಿ ಚಾಲಕರಿಗೆ ಬೇರೆ ಕೋಣೆ ಇರುತ್ತದೆ, ಚಿಕ್ಕ ಹೋಂಸ್ಟೇಗಳಲ್ಲಿ ಇರುವುದಿಲ್ಲ. ರಾತ್ರಿಯೆಲ್ಲ ವ್ಯಾನಿನಲ್ಲಿ ಮಲಗಿದವನು ಮರುದಿನ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಓಡಿಸುತ್ತಾನೆ ಎಂಬುದು ನೆನಪಿರಲಿ. ‘ಸ್ಪೈಸ್ ಗಾರ್ಡನ್’, ರತ್ನದ ಅಂಗಡಿ, ಮರದ ಕೆತ್ತನೆ ಮಳಿಗೆಗಳಲ್ಲಿ ಚಾಲಕರಿಗೆ ಕಮಿಷನ್ ಉಂಟು. ಬೇಡವಾದರೆ ಮೊದಲ ದಿನವೇ ನಗುತ್ತಾ ಹೇಳಿಬಿಡಿ, ಬೇಸರಿಸಿಕೊಳ್ಳುವುದಿಲ್ಲ.

ವಿಮಾನ ಇಳಿಯುವುದು ಕಟುನಾಯಕದಲ್ಲಿ. ಇದು ಕೊಲಂಬೊಗೆ ಮೂವತ್ತು ಕಿಲೋಮೀಟರ್ ಉತ್ತರಕ್ಕೆ, ನೆಗೊಂಬೊ ಪಕ್ಕದಲ್ಲಿದೆ. ಹಾಗಾಗಿ ಕೊಲಂಬೊ ಒಳಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಅಗತ್ಯವೇ ಇಲ್ಲ.

ಮೊದಲ ದಿನ ಬೆಳಗ್ಗೆ ಇಳಿದರೆ ನೇರ ಅನುರಾಧಪುರ, ಸುಮಾರು ನಾಲ್ಕು ಗಂಟೆಯ ದಾರಿ. ಅಲ್ಲಿ ಎರಡು ರಾತ್ರಿ. ಮೂರನೇ ದಿನ ಸಿಗಿರಿಯ, ಎರಡು ಗಂಟೆಯೊಳಗೆ ತಲುಪಬಹುದು. ಅಲ್ಲಿಯೂ ಎರಡು ರಾತ್ರಿ. ಐದನೇ ದಿನ ಬೆಳಕು ಹರಿಯುವ ಮುಂಚೆ ಗಂಟುಮೂಟೆ ಕಟ್ಟಿ ಪೊಲೊನ್ನರುವ ನೋಡಿ, ಊಟ ಮುಗಿಸಿ, ಹಬರಣ ಮೇಲೆ ನಿಲಾವೆಳಿ. ಅಲ್ಲಿ ಮೂರು ರಾತ್ರಿ. ಎಂಟನೇ ದಿನ ಆರು ಗಂಟೆಯ ಪ್ರಯಾಣ ಮಾಡಿ ನೆಗೊಂಬೊ, ಒಂಬತ್ತನೇ ದಿನ ವಿಮಾನ. ನೆಗೊಂಬೊದ ಆ ಒಂದು ರಾತ್ರಿಯನ್ನು ಉಳಿಸಲು ನೋಡಬೇಡಿ. ನಿಲಾವೆಳಿಯಿಂದ ನೇರ ವಿಮಾನ ಹಿಡಿಯುತ್ತೇವೆಂದು ಹೊರಟು, ದಾರಿಯಲ್ಲಿ ಒಂದು ಟೈರ್ ಹೋದರೆ ಕಥೆ ಮುಗಿಯಿತು.

ಒಂದು ಕಟ್ಟುನಿಟ್ಟು: ಹಬರಣದ ಸುತ್ತಿನ ರಸ್ತೆಗಳಲ್ಲಿ ಸಂಜೆ ಆರರ ಮೇಲೆ ಓಡಾಡಬೇಡಿ. ಕಾಡಾನೆಗಳು ರಸ್ತೆ ದಾಟುವ ಹೊತ್ತು ಅದು. ಹಗಲಲ್ಲಿ ರಸ್ತೆ ಪಕ್ಕ ಆನೆ ನಿಂತಿದ್ದರೆ ಫೋಟೋಗೆ ಇಳಿಯಬೇಡಿ, ಬಾಳೆಹಣ್ಣು ಎಸೆಯಬೇಡಿ. ಹಾಗೆ ತಿಂದು ರುಚಿ ಹತ್ತಿದ ಆನೆಗಳು ವಾಹನ ಅಡ್ಡಗಟ್ಟುವುದನ್ನು ಕಲಿಯುತ್ತವೆ.

ಹಾಳೂರುಗಳಿಗೆ ಹೊರಡುವ ಮೊದಲು

ಇದು ಒಣಸೀಮೆ. ಏಪ್ರಿಲ್‌ನಲ್ಲಿ ನಮ್ಮ ರಾಯಚೂರಿನಷ್ಟು ಬಿಸಿಲಿಲ್ಲ, ಆದರೆ ಸೆಕೆ ಮಂಗಳೂರಿನದು. ಆದ್ದರಿಂದ ದಿನವನ್ನು ಎರಡು ತುಂಡು ಮಾಡಿ: ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿನಿಂದ ಹತ್ತೂವರೆಯವರೆಗೆ, ಮತ್ತೆ ಸಂಜೆ ನಾಲ್ಕರ ಮೇಲೆ. ನಡುವೆ ಊಟ, ನಿದ್ದೆ, ಈಜುಕೊಳ. ಈಜುಕೊಳ ಇರುವ ಹೋಟೆಲಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ, ಮಕ್ಕಳಿರುವ ಮನೆಗೆ ಅದು ಆಡಂಬರವಲ್ಲ. ಪಕ್ಕದಲ್ಲೇ ಕೆರೆ ಇದೆಯಲ್ಲ ಎಂದು ಮಾತ್ರ ಇಳಿಯಬೇಡಿ. ಸಿಂಹಳದಲ್ಲಿ ‘ವೆವ’ ಎನ್ನುವ ಈ ಪ್ರಾಚೀನ ಕೆರೆಗಳಲ್ಲಿ ಮೊಸಳೆ ಇವೆ. ಊರವರು ಮೀಯುವ ಮೆಟ್ಟಿಲಲ್ಲಿ ಅವರು ಮೀಯಲಿ, ನೀವು ನೋಡಿದರೆ ಸಾಕು.

ಉಡುಪು: ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಗಂಡಸರದೂ ಕೂಡ. ಬಿಳಿ ಅಥವಾ ತಿಳಿ ಬಣ್ಣ ಒಳ್ಳೆಯದು. ವಿಹಾರದ ಆವರಣದಲ್ಲಿ ಚಪ್ಪಲಿ ಮಾತ್ರವಲ್ಲ, ಟೋಪಿಯನ್ನೂ ತೆಗೆಯಬೇಕು, ಪಾಳುಬಿದ್ದ ವಿಹಾರವಾದರೂ ಸರಿ. ಇಲ್ಲಿಯೇ ಬಹಳ ಮಂದಿ ಸೋಲುವುದು. ಹತ್ತು ಗಂಟೆಯ ಮೇಲೆ ಕಲ್ಲುಹಾಸು ಕಾದ ಕಾವಲಿಯಾಗಿರುತ್ತದೆ. ಪ್ರತಿಯೊಬ್ಬರಿಗೂ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಚೀಲದಲ್ಲಿಡಿ. ಶೂ ಬಿಟ್ಟು ಕಾಲುಚೀಲ ಹಾಕಿಕೊಂಡು ನಡೆಯಲು ಯಾರ ಅಡ್ಡಿಯೂ ಇಲ್ಲ.

ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ಗಂಭೀರ ತಪ್ಪು. ಮಕ್ಕಳಿಗೆ ಮೊದಲೇ ಹೇಳಿ: ಪಕ್ಕದಲ್ಲಿ, ವಿಗ್ರಹದ ಕಡೆಗೆ ಮುಖ ಮಾಡಿ ನಿಲ್ಲಬಹುದು. ಬುದ್ಧನ ಹಚ್ಚೆ ಇರುವವರು ಅದನ್ನು ಮುಚ್ಚಿಕೊಳ್ಳಬೇಕು. 2014ರಲ್ಲಿ ತೋಳ ಮೇಲಿನ ಬುದ್ಧನ ಹಚ್ಚೆಗಾಗಿ ಒಬ್ಬ ಬ್ರಿಟಿಷ್ ಪ್ರವಾಸಿಯನ್ನು ವಿಮಾನ ಹತ್ತಿಸಿ ವಾಪಸ್ ಕಳಿಸಿದ್ದರು.

ವಿದೇಶಿಯರ ಟಿಕೆಟ್ ದುಬಾರಿ, ಡಾಲರ್ ಲೆಕ್ಕದಲ್ಲಿ. ಆದರೆ ಮುಖ್ಯ ಸ್ಥಳಗಳಲ್ಲಿ ಸಾರ್ಕ್ ದೇಶಗಳವರಿಗೆ, ಅಂದರೆ ನಾವೂ ಸೇರಿ ದಕ್ಷಿಣ ಏಷ್ಯಾದವರಿಗೆ, ಕಡಿಮೆ ದರವಿದೆ, ಕೇಳಿದರೆ ಮಾತ್ರ ಸಿಗುವುದೂ ಉಂಟು. ಮೂಲ ಪಾಸ್‌ಪೋರ್ಟ್ ತೋರಿಸಬೇಕು, ಅದನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಬಂದರೆ ಪೂರ್ತಿ ದರ ತೆತ್ತಂತೆಯೇ.

ಬೆನ್ನಚೀಲದಲ್ಲಿ ತಲೆಗೆ ಒಂದು ಲೀಟರ್ ನೀರು, ಓಆರ್‌ಎಸ್, ಒದ್ದೆ ಟವೆಲ್, ಚಿಕ್ಕ ಟಾರ್ಚ್. ಓಆರ್‌ಎಸ್‌ನಲ್ಲಿ ಎರಡು ಅಳತೆಯ ಪೊಟ್ಟಣ ಬರುತ್ತವೆ. ಇಪ್ಪತ್ತು ಗ್ರಾಮಿನ ಮೇಲಿನ ದೊಡ್ಡದು ಒಂದು ಲೀಟರಿಗೆ, ಚಿಕ್ಕದು ಒಂದು ಲೋಟಕ್ಕೆ, ಅಂದರೆ 200 ಮಿಲಿಲೀಟರಿಗೆ. ದೊಡ್ಡದನ್ನು ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದರೆ ಉಪ್ಪು ಹೆಚ್ಚಾಗಿ ಇನ್ನಷ್ಟು ಕೆಡುತ್ತದೆ. ಮಲೇರಿಯಾ ದ್ವೀಪದಿಂದ ತೊಲಗಿದೆ ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಡೆಂಗಿ ಮಾತ್ರ ಇದೆ, ಹಗಲಲ್ಲೇ ಸೊಳ್ಳೆ ಮುಲಾಮು ಹಚ್ಚಿ.

ಅನುರಾಧಪುರ: ಕಲ್ಲಿನ ಕಣ್ಣಿಗೆ ಇಟ್ಟಿಗೆ

ಹಂಪಿ, ಬಾದಾಮಿ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಮೊದಲು ನಿರಾಸೆ. ಎಲ್ಲೆಲ್ಲೂ ಮೊಂಡು ಕಂಬಗಳು, ಮೇಲೆ ಏನೂ ಇಲ್ಲ. ಮೇಲಿನ ಅಂತಸ್ತು, ಚಾವಣಿ ಎಲ್ಲವೂ ಮರದವು, ಸುಟ್ಟೋ ಕೊಳೆತೋ ಹೋದವು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಲೋವಮಹಾಪಾಯದ ಸಾಲಿಗೆ ನಲವತ್ತರಂತೆ ನಲವತ್ತು ಸಾಲು, ಒಟ್ಟು 1,600 ಕಂಬಗಳ ಮುಂದೆ ನಿಲ್ಲಿಸಿ, ಇದರ ಮೇಲೆ ಒಂಬತ್ತು ಅಂತಸ್ತಿನ ಮರದ ಮಹಲು, ತಾಮ್ರದ ಹೊದಿಕೆ ಇತ್ತಂತೆ ಎಂದರೆ ಕಂಬಗಳಿಗೆ ಅರ್ಥ ಬರುತ್ತದೆ.

ಈ ನಗರ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿತ್ತು. ಇಡೀ ನೋಡಲು ಹೋದರೆ ಎರಡೇ ತಾಸಿನಲ್ಲಿ ಎಲ್ಲರೂ ಸುಸ್ತು. ನಾಲ್ಕೈದು ಸಾಕು. ಬಂದ ದಿನ ಸಂಜೆ ಬೋಧಿವೃಕ್ಷ ಮತ್ತು ರುವನ್ವೇಲಿಸಾಯ: ಅಶೋಕನ ಮಗಳು ಸಂಘಮಿತ್ತೆ ತಂದಳೆನ್ನುವ ಅರಳಿಕೊಂಬೆ, ಬಳಿಕ ಬಿಳಿ ಸ್ತೂಪದ ಸುತ್ತ ದೀಪ ಹಚ್ಚುವ ಹೊತ್ತು. ತಪಾಸಣೆ ಇರುತ್ತದೆ, ವಾಹನ ದೂರ ನಿಲ್ಲಿಸಬೇಕು. ಅಜ್ಜ-ಅಜ್ಜಿಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಿಡಿಸುವುದು ಈ ಸಂಜೆಯೇ ಇರಬಹುದು.

ಮರುದಿನ ಬೆಳಗ್ಗೆ ಜೇತವನಾರಾಮ ಸ್ತೂಪದಿಂದ ಶುರು ಮಾಡಿ. ಮಹಾಸೇನ ರಾಜ ಆರಂಭಿಸಿದ ಈ ಇಟ್ಟಿಗೆಯ ಗುಡ್ಡ ಮೊದಲು 122 ಮೀಟರ್ ಎತ್ತರವಿತ್ತು, ಆ ಕಾಲಕ್ಕೆ ಈಜಿಪ್ಟಿನ ಎರಡು ದೊಡ್ಡ ಪಿರಮಿಡ್ಡುಗಳನ್ನು ಬಿಟ್ಟರೆ ಇದೇ ದೊಡ್ಡದು. ಈಗ 71 ಮೀಟರ್ ಉಳಿದಿದೆ. ಒಂಬತ್ತು ಕೋಟಿಗೂ ಮೀರಿದ ಇಟ್ಟಿಗೆ ಎಂದು ಅಂದಾಜು. ಅಲ್ಲಿಂದ ಅಭಯಗಿರಿ ಎಂಬ ಹಳೆಯ ವಿಹಾರದ ಕಡೆಗೆ ಹೋಗಿ ಕುಟ್ಟಂ ಪೊಕುಣ ಎಂಬ ಅವಳಿ ಪುಷ್ಕರಣಿ ನೋಡಿ. ಒಂದು 40 ಮೀಟರ್ ಉದ್ದ, ಇನ್ನೊಂದು 28. ಹಂಪಿಯ ಮೆಟ್ಟಿಲ ಪುಷ್ಕರಣಿ ನೆನಪಾಗುತ್ತದೆ. ಆದರೆ ಇಲ್ಲಿ ನೋಡಬೇಕಾದದ್ದು ಅಂಚಿನಲ್ಲಿರುವ ಚಿಕ್ಕ ಕಲ್ಲುಗುಂಡಿ. ಕಾಲುವೆ ನೀರು ಅದರಲ್ಲಿ ನಿಂತು, ಹೂಳು ಕೆಳಗೆ ಕೂತು, ತಿಳಿನೀರು ಮಾತ್ರ ಕೊಳಕ್ಕಿಳಿಯುತ್ತಿತ್ತು.

ಅಲ್ಲೇ ಹತ್ತಿರ ಮೆಟ್ಟಿಲ ಬುಡದ ಚಂದ್ರಶಿಲೆ, ಅವರ ‘ಸಂದಕಡ ಪಹಣ’. ಅರ್ಧಚಂದ್ರದ ಪಟ್ಟಿಯಲ್ಲಿ ಆನೆ, ಕುದುರೆ, ಸಿಂಹ, ಬಸವ ಒಂದರ ಹಿಂದೊಂದು ಓಡುತ್ತವೆ. ಮಕ್ಕಳಿಂದ ಒಂದು ಫೋಟೋ ತೆಗೆಸಿ ಇಡಿಸಿ. ಪೊಲೊನ್ನರುವದಲ್ಲಿ ಮತ್ತೆ ಚಂದ್ರಶಿಲೆ ಬಂದಾಗ ಯಾವ ಪ್ರಾಣಿ ಕಾಣೆಯಾಗಿದೆ ಎಂದು ಕೇಳಿ. ಬಸವ ಇರುವುದಿಲ್ಲ. ಶೈವ ಪ್ರಭಾವ ಬಂದ ಮೇಲೆ ನಂದಿಯ ಮೇಲೆ ಕಾಲಿಡುವುದು ಸರಿಯಲ್ಲವೆಂದು ಬಿಟ್ಟರು ಎನ್ನುತ್ತಾರೆ.

ಮಿಹಿಂತಲೆಗೆ 1,840 ಮೆಟ್ಟಿಲು. ಮರುದಿನವೇ ಸಿಗಿರಿಯ ಹತ್ತಬೇಕಾದ್ದರಿಂದ ಮೇಲಿನ ಪಾರ್ಕಿಂಗ್‌ವರೆಗೆ ವಾಹನದಲ್ಲಿ ಹೋಗಿ, ಇಲ್ಲವೇ ಬಿಟ್ಟುಬಿಡಿ.

ಸಿಗಿರಿಯ ಹತ್ತುವ ರೀತಿ

ಬಯಲಿನಿಂದ ಸುಮಾರು 180 ಮೀಟರ್ ಎದ್ದ ಬಂಡೆ, 1,200ರಷ್ಟು ಮೆಟ್ಟಿಲು. ತಂದೆಯನ್ನು ಕೊಂದು ಪಟ್ಟವೇರಿದ ಕಾಶ್ಯಪ ಐದನೇ ಶತಮಾನದಲ್ಲಿ ತುದಿಯಲ್ಲಿ ಅರಮನೆ ಕಟ್ಟಿಸಿದ. ಕೌಂಟರ್ ತೆರೆಯುವ ಹೊತ್ತಿಗೆ ಅಲ್ಲಿರಿ. ಎಂಟೂವರೆಗೆ ಬಸ್ಸುಗಳು ಬಂದರೆ ಕಬ್ಬಿಣದ ಏಣಿಮೆಟ್ಟಿಲಲ್ಲಿ ಸಾಲು ನಿಂತುಬಿಡುತ್ತದೆ, ನೆರಳಿಲ್ಲದ ಜಾಗದಲ್ಲಿ.

ಹೋಗುವಾಗ ತಳದ ನೀರಿನ ತೋಟಗಳಲ್ಲಿ ಕಾಲ ಕಳೆಯಬೇಡಿ, ಅದು ಇಳಿದ ಮೇಲೂ ಸಿಗುತ್ತದೆ. ಬಂಡೆಗಳ ನಡುವಿನ ಮೆಟ್ಟಿಲು ಮೊದಲು, ಬಳಿಕ ಸುರುಳಿ ಏಣಿ ಹತ್ತಿ ಭಿತ್ತಿಚಿತ್ರಗಳು. ಇಲ್ಲಿ ಫೋಟೋ ಇಲ್ಲ, ತೆಗೆದರೆ ಕಾವಲುಗಾರರು ಅಳಿಸಲು ಹೇಳುತ್ತಾರೆ. ಕೆಳಗಿಳಿದರೆ ಕನ್ನಡಿ ಗೋಡೆ, ಸಾವಿರ ವರ್ಷಕ್ಕೂ ಹಿಂದಿನ ಪ್ರವಾಸಿಗಳು ಪದ್ಯ ಗೀಚಿಹೋದ ಗೋಡೆ. ಅದನ್ನು ನೋಡಿ ತಾನೂ ಹೆಸರು ಕೆತ್ತಲು ಹೊರಡುವ ಮಗನ ಕೈಗೆ ಒಂದು ಏಟು ಕೊಡಿ, ಅಲ್ಲಿ ಅದು ಜೈಲಿಗೆ ಹಾಕುವ ಅಪರಾಧ. ಆಮೇಲೆ ಸಿಂಹದ ಪಂಜಗಳ ಅಂಗಳ. ಎತ್ತರದ ಭಯ ಇರುವವರು, ಮಂಡಿನೋವಿನವರು ಇಲ್ಲಿಯೇ ಕೂರಲಿ. ಇದರ ಮೇಲಿನದು ಬಂಡೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು, ಕೆಳಗೆ ಶೂನ್ಯ ಕಾಣುತ್ತದೆ. ನಡುದಾರಿಯಲ್ಲಿ ನಿಂತು ಹಿಂದೆ ತಿರುಗುವುದು ಎಲ್ಲರಿಗೂ ಕಷ್ಟ.

ಚಿಕ್ಕ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಹತ್ತಬೇಡಿ, ಬೆನ್ನಿಗೆ ಕಟ್ಟುವ ಚೀಲ ಬೇಕು. ಎರಡು ಕೈಯೂ ಕಂಬಿಗೆ ಬೇಕಾಗುತ್ತವೆ. ಹತ್ತಿ ಇಳಿಯಲು ಎಲ್ಲ ಸೇರಿ ಮೂರು ಗಂಟೆ ಹಿಡಿಯಿರಿ.

ಬಂಡೆಯಲ್ಲಿ ಹೆಜ್ಜೇನು, ಕಣಜದ ಗೂಡುಗಳಿವೆ, ಗಲಾಟೆ ಮಾಡಬೇಡಿ ಎಂಬ ಫಲಕಗಳು ಸುಮ್ಮನೆ ಹಾಕಿದ್ದಲ್ಲ. ಕೂಗಾಟ, ಗಾಢ ಸುಗಂಧ ಬೇಡ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಸಿಬ್ಬಂದಿ ಹೇಳಿದ ಕಡೆ ಸರಿಯಿರಿ. ಜೇನು, ಕಣಜದ ವಿಷಕ್ಕೆ ಅಲರ್ಜಿ ಇರುವವರು ಹತ್ತದಿರುವುದೇ ಸರಿ. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಚೆನ್ನಾಗಿ ಗೊತ್ತು, ತಿಂಡಿ ಜಿಪ್ ಇರುವ ಚೀಲದೊಳಗಿರಲಿ.

ಇನ್ನೊಂದು ಸಣ್ಣ ಮಾತು: ಇಳಿಯುವ ದಾರಿ ಬೇರೆ ಪಾರ್ಕಿಂಗ್‌ಗೆ ಹೋಗುತ್ತದೆ. ಚಾಲಕನಿಗೆ ಮೊದಲೇ ಹೇಳಿ ವ್ಯಾನನ್ನು ಅಲ್ಲಿಗೆ ತರಿಸಿಕೊಳ್ಳಿ. ಸಂಜೆ ಶಕ್ತಿ ಉಳಿದಿದ್ದರೆ ದಂಬುಳ್ಳದ ಐದು ಗುಹಾಲಯಗಳು. ಅಲ್ಲಿಯೂ ಹತ್ತುವುದಿದೆ, ಆದರೆ ಒಳಗಿನ ಬಣ್ಣದ ಚಾವಣಿ ಆ ದಣಿವಿಗೆ ತಕ್ಕದ್ದು.

ಪೊಲೊನ್ನರುವವನ್ನು ಉಲ್ಟಾ ನೋಡಿ

ಮೂರರಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನೇ ನೋಡಿ. ಎಲ್ಲವೂ ಉತ್ತರ-ದಕ್ಷಿಣವಾಗಿ ಐದು ಕಿಲೋಮೀಟರಿನೊಳಗೆ, ಮರದ ನೆರಳಿನಲ್ಲಿದೆ. ಹದಿಹರೆಯದ ಮಕ್ಕಳಿದ್ದರೆ ಬಾಡಿಗೆ ಸೈಕಲ್ ಸಿಗುತ್ತದೆ. ಗೈಡುಗಳು ದಕ್ಷಿಣದ ಅರಮನೆಯಿಂದ ಶುರುಮಾಡುತ್ತಾರೆ. ನೀವು ಉತ್ತರದ ಗಲ್ ವಿಹಾರದಿಂದ ಶುರುಮಾಡಿ. ಕಾರಣ ಬರಿಗಾಲು. ಗಲ್ ವಿಹಾರ, ವಟದಾಗೆ ಎಂಬ ದುಂಡನೆಯ ಗುಡಿ ಎರಡರಲ್ಲೂ ಶೂ ಬಿಡಬೇಕು, ಕಲ್ಲು ತಣ್ಣಗಿರುವಾಗ ಇವನ್ನು ಮುಗಿಸಬೇಕು. ಅರಮನೆಯನ್ನು ಶೂ ಹಾಕಿಕೊಂಡೇ ಹತ್ತು ಗಂಟೆಗೂ ನೋಡಬಹುದು.

ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ನಾಲ್ಕು ಮೂರ್ತಿ. ಮಲಗಿದ ಬುದ್ಧ 14 ಮೀಟರ್, ನಿಂತದ್ದು ಅದರರ್ಧ. ತಲೆದಿಂಬು ಭಾರಕ್ಕೆ ಒತ್ತಿ ತಗ್ಗಾಗಿರುವುದನ್ನು ಮಕ್ಕಳೇ ಕಂಡುಹಿಡಿಯಲಿ. ಕಲ್ಲಿನ ಬಣ್ಣದ ಗೆರೆಗಳು ಮುಖದ ಮೇಲೆ ಹರಿದಿರುವುದು ಬೆಳಗಿನ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಇದು 12ನೇ ಶತಮಾನದ ರಾಜ ಪರಾಕ್ರಮಬಾಹುವಿನ ಕೆಲಸ.

ದಕ್ಷಿಣಕ್ಕೆ ಬರುತ್ತಾ ಶಿವ ದೇವಾಲೆ ಸಂಖ್ಯೆ 2ರಲ್ಲಿ ನಿಲ್ಲಿ. ಇಟ್ಟಿಗೆಗಳ ಊರಿನಲ್ಲಿ ಇದ್ದಕ್ಕಿದ್ದಂತೆ ಪೂರ್ತಿ ಕಲ್ಲಿನ, ನಮಗೆ ಪರಿಚಯದ ಗರ್ಭಗುಡಿ, ಶಿಖರ, ಪೀಠ. ಚೋಳರು ಇಲ್ಲಿ ಆಳಿದಾಗ ಕಟ್ಟಿದ ‘ವಾನವನ್ ಮಾದೇವಿ ಈಶ್ವರಂ’ ಇದು. ನಮ್ಮ ತಲಕಾಡನ್ನು ಗಂಗರಿಂದ ಕಿತ್ತುಕೊಂಡ ಅದೇ ರಾಜರಾಜನ ಕಾಲದ ಸೇನೆ 993ರ ಹೊತ್ತಿಗೆ ಅನುರಾಧಪುರವನ್ನೂ ಕೆಡವಿತ್ತು. 1070ರಲ್ಲಿ ಸಿಂಹಳ ರಾಜ ವಿಜಯಬಾಹು ಚೋಳರನ್ನು ಓಡಿಸಿದ, ಗುಡಿ ಉಳಿಯಿತು.

ಹೊರಡುವ ಮುಂಚೆ ಪರಾಕ್ರಮ ಸಮುದ್ರ ಎಂಬ ಕೆರೆಯ ಏರಿಯ ಮೇಲೆ ಹತ್ತು ನಿಮಿಷ ನಿಲ್ಲಿ. ಏರಿ ಹದಿಮೂರು ಕಿಲೋಮೀಟರಿಗೂ ಉದ್ದ. ಕೆರೆ, ತೂಬು, ಕೋಡಿ ಗೊತ್ತಿರುವ ನಮ್ಮ ಕಡೆಯ ಹಿರಿಯರು ಅರಮನೆಗಿಂತ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಊಟ

ಸಸ್ಯಾಹಾರಿಗಳಿಗೆ ತೊಂದರೆ ಮೀನಿನ ತುಂಡಿನಿಂದಲ್ಲ, ಕಾಣದ ಮೀನಿನಿಂದ. ‘ಉಂಬಲಕಡ’ ಎಂಬ ಒಣಗಿಸಿದ ಮೀನಿನ ಪುಡಿಯನ್ನು ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೋಲಕ್ಕೂ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ‘ವೆಜಿಟೇರಿಯನ್’ ಎಂದರೆ ಸಾಲದು. ‘ಮಾಳು ಎಪಾ, ಉಂಬಲಕಡ ಎಪಾ’ ಎನ್ನಿ: ಮೀನು ಬೇಡ, ಮೀನಪುಡಿ ಬೇಡ. ಪರಿಪ್ಪು ಎಂದರೆ ತೊವ್ವೆ, ಅಪ್ಪ ಎಂದರೆ ಅಕ್ಕಿಯ ಬಟ್ಟಲು ದೋಸೆ, ಇಂದಿಅಪ್ಪ ಎಂದರೆ ಒತ್ತು ಶಾವಿಗೆ. ತ್ರಿಕೋಣಮಲೆಯಲ್ಲಿ ‘ಸೈವ’ ಎಂದು ಬರೆದ ತಮಿಳು ಹೋಟೆಲುಗಳಲ್ಲಿ ನಿಶ್ಚಿಂತೆಯಿಂದ ಇಡ್ಲಿ ತಿನ್ನಬಹುದು. ಮಡಕೆಯ ಎಮ್ಮೆ ಮೊಸರಿಗೆ ಬೈನೆಮರದ ಪಾಕ ಸುರಿದುಕೊಂಡು ತಿನ್ನುವುದನ್ನು ಯಾರೂ ಬಿಡಬೇಡಿ. ಕೇಸರಿ ಬಣ್ಣದ ಎಳನೀರು ‘ತಂಬಿಲಿ’. ಕೊನೆಗೆ ‘ಇಸ್ತೂತಿ’ ಅನ್ನಿ. ನಮ್ಮ ‘ಸ್ತುತಿ’ಯೇ, ಅಲ್ಲಿ ಥ್ಯಾಂಕ್ಸ್.

ನಿಲಾವೆಳಿ

ಮೊದಲ ದಿನ ಏನೂ ಮಾಡಬೇಡಿ. ಎರಡನೇ ದಿನ ಬೆಳಗ್ಗೆ ಪಾರಿವಾಳ ದ್ವೀಪ, ತೀರದಿಂದ ಒಂದು ಕಿಲೋಮೀಟರ್ ದೂರ. ಇದು ಸಾಗರ ರಾಷ್ಟ್ರೀಯ ಉದ್ಯಾನ, ಪ್ರವೇಶ ಶುಲ್ಕ ಬೇರೆ, ದೋಣಿ ಬಾಡಿಗೆ ಬೇರೆ. ಏಳು ಗಂಟೆಗೇ ಹೊರಡಿ. ಮಧ್ಯಾಹ್ನದ ಗಾಳಿಗೆ ನೀರು ಕಲಕಿ ಏನೂ ಕಾಣುವುದಿಲ್ಲ, ದೋಣಿಯೂ ಕುಣಿಯುತ್ತದೆ.

ಲೈಫ್ ಜಾಕೆಟ್ ಇದೆಯೇ ಎಂದು ಕೇಳಿದರೆ ಸಾಲದು, ಮಗುವಿನ ಅಳತೆಯದು ಇದೆಯೇ ನೋಡಿ. ಹಾಕಿ, ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯ ತನಕ ಎದ್ದುಬಂದರೆ ಅದು ದೊಡ್ಡದಾಯಿತು, ನೀರಿನಲ್ಲಿ ಮಗು ಅದರೊಳಗಿಂದ ಜಾರುತ್ತದೆ.

ಸ್ನಾರ್ಕೆಲ್ ಮುಖವಾಡ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಸರಿಯಾದ ಅಳತೆ. ಮೀಸೆ ಇರುವವರಿಗೆ ನೀರು ಒಸರುತ್ತದೆ. ಮೀಸೆ ತೆಗೆಯಬೇಕಿಲ್ಲ, ಮೇಲ್ದುಟಿಯ ಮೇಲೆ ವ್ಯಾಸಲೀನ್ ಹಚ್ಚಿ. ಮಬ್ಬು ಕಟ್ಟದಂತೆ ಒಳಗಾಜಿಗೆ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆಯಿರಿ. ಮೊದಲ ಅಭ್ಯಾಸ ಹೋಟೆಲಿನ ಕೊಳದಲ್ಲಾಗಲಿ. ಮೀನು ನೋಡುತ್ತಾ ಗಂಟೆಗಟ್ಟಲೆ ತೇಲಿದರೆ ಬೆನ್ನು, ಮೊಣಕಾಲ ಹಿಂಭಾಗ ಸುಟ್ಟು ಸಿಪ್ಪೆ ಏಳುತ್ತದೆ, ಅರ್ಧ ದಿನ ಕಳೆದ ಮೇಲಷ್ಟೇ ಗೊತ್ತಾಗುತ್ತದೆ. ತುಂಬುತೋಳಿನ ಈಜುಡುಪು ಹಾಕಿ. ಹವಳದ ಮೇಲೆ ನಿಲ್ಲಬೇಡಿ, ಅದು ಜೀವಂತ, ಕಾಲೂ ಕತ್ತರಿಸುತ್ತದೆ. ಕಪ್ಪು ತುದಿಯ ರೆಕ್ಕೆಯ ಚಿಕ್ಕ ಶಾರ್ಕ್ ಕಂಡರೆ ಗಾಬರಿಯಾಗಬೇಡಿ, ಅವು ಜನರಿಂದ ದೂರ ಸರಿಯುವಂಥವು. ಮುಟ್ಟಲು ಬೆನ್ನಟ್ಟಬೇಡಿ, ಅಷ್ಟೇ.

ತೀರದಲ್ಲಿ ಈಜುವಾಗ ನೋಡಬೇಕಾದ್ದು ಸೆಳೆತ. ಅಲೆಗಳು ಬಿಳಿಯಾಗಿ ಒಡೆಯುವ ಸಾಲಿನ ನಡುವೆ ಒಂದು ಕಡೆ ನೀರು ನಯವಾಗಿ, ಕಪ್ಪಾಗಿ ಕಂಡರೆ ಅದು ಶಾಂತವಾದ ಜಾಗವಲ್ಲ, ನೀರು ಹಿಂದಕ್ಕೆ ಹರಿಯುವ ದಾರಿ. ಸಿಕ್ಕಿಕೊಂಡರೆ ದಡದತ್ತ ಹೋರಾಡದೆ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮಕ್ಕಳು ತೀರಾ ಚಿಕ್ಕವರಾದರೆ ನಿಲಾವೆಳಿಯ ಬದಲು ಪಾಸಿಕುಡ ಆರಿಸಬಹುದು, ಅಲ್ಲಿ ಬಹುದೂರದವರೆಗೆ ಸೊಂಟದ ನೀರು.

ಒಂದು ಸಂಜೆ ತ್ರಿಕೋಣಮಲೆಯ ಕೋಣೇಶ್ವರಕ್ಕೆ ಇಡಿ. ಕಡಲಿಗೆ ಚಾಚಿದ ಬಂಡೆಯ ತುದಿಯ ಶಿವಾಲಯ. ಹಳೆಯದನ್ನು 17ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿ, ಕಲ್ಲನ್ನು ಕೆಳಗಿನ ಕೋಟೆಗೆ ಬಳಸಿದರು. ಆ ಕೋಟೆಯೊಳಗೇ ದಾರಿ, ರಸ್ತೆಯಲ್ಲಿ ಜಿಂಕೆಗಳು. ಸೇನೆಯ ಕಟ್ಟಡಗಳ ಫೋಟೋ ಬೇಡ. ತುದಿಯಲ್ಲಿ ಮಕ್ಕಳ ಕೈ ಬಿಡಬೇಡಿ. ಕಣ್ಣಿಯ ಎಂಬಲ್ಲಿನ ಬಿಸಿನೀರಿನ ಬುಗ್ಗೆಗೆ ಈಜುಡುಪು ಒಯ್ಯಬೇಕಿಲ್ಲ. ಅವು ಏಳು ಚಿಕ್ಕ ಚೌಕ ಬಾವಿಗಳು, ಬಕೆಟ್ಟಿನಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುವುದು, ಅಷ್ಟೇ.

ಎಂಟನೇ ದಿನ ಬೆಳಗ್ಗೆ ಏಳಕ್ಕೆ ಹೊರಟರೆ ಊಟದ ಹೊತ್ತು ದಾಟಿ ನೆಗೊಂಬೊ. ಕೊಂಡ ಬೈನೆ ಪಾಕದ ಬಾಟಲಿಯನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ರಾತ್ರಿ ಮಲಗುವ ಮೊದಲು ಮಕ್ಕಳ ಜೇಬು, ಮರಳು ಬಕೆಟ್ಟು, ಒದ್ದೆ ಬಟ್ಟೆಯ ಚೀಲ ಎಲ್ಲ ತಡಕಿ ನೋಡಿ. ಹವಳದ ಚೂರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಮತ್ತು ಒಂದಾದರೂ ಚೂರು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.